ಸ್ಪಂದನೆಯ ಸರದಿ

ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ, ಡೊಂಬಿವಲಿಯ ಕಡೆಗೆ ಹೋಗುವ ಸ್ಲೋ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಕೂತ ಮೇಲೆ ನಳಿನಿಗೆ, ತಾನು ಇದ್ದಲ್ಲೇ ಇದ್ದೇನೆ, ಪ್ಲಾಟ್‌ಫಾರ್ಮೇ ಎದ್ದು ಎಲ್ಲಿಗೋ ಹೊರಟಿದೆ ಅನ್ನಿಸಿತು. ಭಾನುವಾರದ ಮಧ್ಯಾಹ್ನ, ಫೆಬ್ರವರಿಯ ಬಿಸಿಲು. ಡಬ್ಬಿಯಲ್ಲಿ ಏಳೆಂಟು ಜನ ಮಾತ್ರ. ಎದುರಿನ ಹೆಂಗಸು ಮಡಿಲಲ್ಲಿ ಮೆಂತ್ಯದ ಸೊಪ್ಪು ಇಟ್ಟುಕೊಂಡು ಎಲೆ ಬಿಡಿಸುತ್ತಿದ್ದವಳು ಹಾಗೇ ನಿದ್ದೆಗೆ ಜಾರಿದ್ದಳು. ನಿದ್ದೆಯಲ್ಲೂ ಅವಳ ಬೆರಳುಗಳು ಆಗೊಮ್ಮೆ ಈಗೊಮ್ಮೆ ಎಲೆ ಕೀಳುತ್ತಿದ್ದವು. ಮನೆಯಿಂದ ಹೊರಡುವಾಗ ಗಂಡ ಗಣಪತಿ ಸೋಫಾದ ಮೇಲಿಂದಲೇ, ‘ನಾಲ್ಕು ಗಂಟೆ ಮೀಟಿಂಗಿಗೆ ಹನ್ನೆರಡಕ್ಕೇ ಹೊರಟ್ಯಲ್ಲೇ?’ ಎಂದು ಕೇಳಿದ್ದ. ‘ಭಾನುವಾರ ಹಳಿ ರಿಪೇರಿಗೆ ಮೆಗಾಬ್ಲಾಕ್ ಇರತ್ತೆ, ಗಾಡಿ ಯಾವಾಗ ಬರತ್ತೋ’ ಎಂದಿದ್ದಳು. ಕಾಮೋಠೆಯಿಂದ ಡೊಂಬಿವಲಿಗೆ ಎಷ್ಟು ನಿಧಾನಕ್ಕೆ ಹೋದರೂ ಎರಡು ಗಂಟೆಯ ದಾರಿ. ಅವನಿಗೂ ಅದು ಗೊತ್ತು. ‘ಹೌದು ಹೌದು’ ಅಂದು ಟೀವಿಯ ಕಡೆ ತಿರುಗಿದ. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವರಿಬ್ಬರೂ ಒಬ್ಬರ ಸಣ್ಣ ಸುಳ್ಳುಗಳನ್ನು ಇನ್ನೊಬ್ಬರು ಹೀಗೆ ಸದ್ದಿಲ್ಲದೆ ತೆಗೆದಿಟ್ಟುಕೊಳ್ಳುವುದನ್ನು ಕಲಿತಿದ್ದರು.

ಬೆಳಿಗ್ಗೆ ಅವಳು ಮಧ್ವರಾಜರಿಗೆ ಫೋನ್ ಮಾಡಿದ್ದಳು. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಅವರ ಉಡುಪಿ ಹೋಟೆಲು. ಮೇಲಿನ ಮಹಡಿಯಲ್ಲಿ, ಹೋಟೆಲಿನ ಮುರಿದ ಕುರ್ಚಿಗಳನ್ನೂ ಎಣ್ಣೆ ಡಬ್ಬಗಳನ್ನೂ ಒಂದು ಕಡೆ ಸರಿಸಿದ ಕೋಣೆಯಲ್ಲಿ, ತಿಂಗಳಿಗೊಂದು ಭಾನುವಾರ ಅವರ ‘ಖಾಡಿ ತೀರದ ಕವಿಗಳು’ ಸೇರುತ್ತಾರೆ. ಒಟ್ಟು ಹದಿನಾಲ್ಕು ಜನ. ಬ್ಯಾಂಕಿನವರು, ಮನೆಯಲ್ಲಿರುವವರು, ರಿಟೈರಾದವರು, ಕಲ್ಯಾಣದ ಒಬ್ಬ ಕಂಪೌಂಡರು. ಪ್ರತಿಯೊಬ್ಬರೂ ಒಂದು ಪದ್ಯ ಓದಬೇಕು. ಪ್ರತಿ ಪದ್ಯಕ್ಕೂ ಚೀಟಿಯಲ್ಲಿ ಯಾರ ಹೆಸರು ಬಂತೋ ಅವರು ಎದ್ದು ನಿಂತು ಸ್ಪಂದಿಸಬೇಕು. ಉಳಿದ ದಿನಗಳಲ್ಲಿ ವಾಟ್ಸಾಪ್ ಇತ್ತು. ಅಲ್ಲಿ ಪದ್ಯ ಬಿದ್ದ ಎರಡನೇ ನಿಮಿಷಕ್ಕೆ ‘ಸೂಪರ್’, ‘ಅದ್ಭುತ’, ‘ಮನಮುಟ್ಟಿತು’ ಬಂದು ಬೀಳುತ್ತಿದ್ದವು, ಮುಗಿದ ಕೈಗಳು, ಗುಲಾಬಿ ಹೂಗಳು. ನಳಿನಿಯೂ ಬೇಲಾಪುರದ ಆಫೀಸಿನಲ್ಲಿ ಇನ್ಶೂರೆನ್ಸಿನ ಕ್ಲೇಮುಗಳನ್ನು ನೋಡುತ್ತ, ನೋಡದ ಪದ್ಯಗಳಿಗೆ ಗುಲಾಬಿ ಒತ್ತುತ್ತಿದ್ದಳು.

‘ಶಿವರಾಯರು ಇವತ್ತು ಬರ್ತಾರಾ?’ ಎಂದು ಗುಂಪಿನ ಒಬ್ಬ ಹಿರಿಯರ ಬಗ್ಗೆ ಫೋನಿನಲ್ಲಿ ಕೇಳಿದ್ದಳು. ಮಧ್ವರಾಜರ ಹಿಂದೆ ಪಾತ್ರೆಗಳ ಸದ್ದು.

‘ಇಲ್ಲ ಮಾರಾಯ್ರೆ. ಫೋನೇ ತೆಗೀತಾ ಇಲ್ಲ ಅವರು. ಮೊದಲೆಲ್ಲ ಬೆಳಿಗ್ಗೆ ನಾನು ಸಾಂಬಾರಿಗೆ ಬೇಳೆ ಇಡುವ ಹೊತ್ತಿಗೆ ಸರಿಯಾಗಿ ಅವರದ್ದೊಂದು ಪದ್ಯ ಬರ್ತಿತ್ತು. ಈಗ ಒಂದು ತಿಂಗಳಾಯ್ತು, ಬಂದ್. ನೀವು ಅವತ್ತು ಹೇಳಿದ್ದು ಬೇಜಾರಾಯ್ತೋ ಎಂತದೋ. ನಾವೆಲ್ಲ ನಗಾಡಿದ್ದು ನಿಜ, ಆದ್ರೆ ಅವರೂ ನಗಾಡಿದ್ರಲ್ಲ?’

‘ನಗಾಡಿದ್ರು.’

‘ಮತ್ತೆ? ಬಿಡಿ. ಇವತ್ತು ನನ್ನ ಪದ್ಯಕ್ಕೆ ನಿಮ್ಮ ಚೀಟಿ ಬಂದಿದೆ, ನೆನಪುಂಟಲ್ಲ? ಸ್ವಲ್ಪ ಕರುಣೆ ಇರ್ಲಿ ಆಯ್ತಾ.’ ಅವರು ನಕ್ಕರು. ಆ ನಗೆಯ ಕೊನೆಯಲ್ಲಿ ನಿಜವಾದ ಒಂದು ಹೆದರಿಕೆ ಇತ್ತು. ಐವತ್ತು ಜನರಿಗೆ ಕೆಲಸ ಕೊಟ್ಟ ಮನುಷ್ಯ, ನಾಲ್ಕು ಸಾಲಿನ ಪದ್ಯ ಕೈಯಲ್ಲಿ ಹಿಡಿದಾಗ ತನ್ನಂಥವಳಿಗೆ ಹೆದರುತ್ತಾರೆ ಎನ್ನುವುದು ನಳಿನಿಗೆ ಹೊಸದಾಗಿ ಗೊತ್ತಾಯಿತು. ಕೇಳಬಾರದೆಂದುಕೊಂಡೇ ಶಿವರಾಯರ ಮನೆ ಎಲ್ಲಿ ಎಂದು ಕೇಳಿದಳು. ‘ಕಳವಾ. ಲೋಕಲ್ ಗಾಡಿ ರಿಪೇರಿ ಮಾಡುವ ಕಾರ್‌ಶೆಡ್ಡಿನ ಗೋಡೆ ಹಿಡ್ಕೊಂಡು ಹೋದ್ರೆ ಒಂದು ಹಿಟ್ಟಿನ ಗಿರಣಿ ಉಂಟು, ಅದರ ಮೇಲೆ. ಯಾಕೆ?’ ಎಂದರು. ‘ಸುಮ್ನೆ’ ಎಂದಳು.

ಗಾಡಿ ಖಾಡಿಯ, ಸಮುದ್ರದ ಆ ಹಿನ್ನೀರಿನ, ಸೇತುವೆಯನ್ನು ಹತ್ತಿತು. ಸದ್ದು ಬದಲಾಯಿತು, ಅಡಿಯಲ್ಲಿ ನೆಲ ಹೋಗಿ ಬರೀ ಟೊಳ್ಳು ಉಳಿದಂಥ ಸದ್ದು. ಕಾಂಡ್ಲ ಗಿಡಗಳ ನಡುವೆ ನೀರು ಇದೆಯೋ ಇಲ್ಲವೋ ಎನ್ನುವ ಹಾಗೆ ಮಲಗಿತ್ತು, ಅದರ ಮೇಲೆ ಮಧ್ಯಾಹ್ನದ ಮಂಜೋ ಹೊಗೆಯೋ. ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ಪ್ಲಾಸ್ಟಿಕ್ ಚೀಲದಿಂದ ದೇವರ ಮೇಲಿನ ಬಾಡಿದ ಹೂಗಳನ್ನು ಹೊರಗೆ ಸುರಿದಳು. ಚೆಂಡುಹೂಗಳು ಒಂದು ಗಳಿಗೆ ಗಾಡಿಯ ಜೊತೆಯಲ್ಲೇ ಹಾರಿ ಆಮೇಲೆ ಹಿಂದುಳಿದವು. ನಳಿನಿ ಇದನ್ನೇ ಪದ್ಯ ಮಾಡಿದ್ದಳು. ಡಿಸೆಂಬರಿನ ಸಭೆಯಲ್ಲಿ ಓದಿದ್ದಳು: ಖಾಡಿಗೆ ಬಿದ್ದ ಹೂಗಳು, ದೇವರು ಬೇಡವೆಂದ ಹೂಗಳು, ನೀರಿಗೂ ಬೇಡವಾದ ಹೂಗಳು. ಮೈಸೂರಿನಲ್ಲಿ ಎಂ.ಎ. ಮಾಡಿದವಳ ಕೈ, ಪದಗಳು ಜಾಗ ಬಿಟ್ಟು ಕದಲಿರಲಿಲ್ಲ. ಚೀಟಿಯಲ್ಲಿ ಬಂದ ಕಂಪೌಂಡರು ಎದ್ದು ಐದು ನಿಮಿಷ ಹೊಗಳಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಆಮೇಲೆ ಕೆಳಗೆ ಹೋಟೆಲಿನಲ್ಲಿ ಗೋಳಿಬಜೆ ತಿಂದು ಕೈ ತೊಳೆಯುವ ಬೇಸಿನ್ನಿನ ಹತ್ತಿರ, ಪಕ್ಕದ ನಲ್ಲಿಯಲ್ಲಿ ಕೈ ಒಡ್ಡಿದ್ದ ಶಿವರಾಯರು, ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, ನಾಚಿಕೊಂಡಂತೆ, ‘ಮೇಡಂ, ಚಲೋ ಅದ ನಿಮ್ಮ ಪದ್ಯ. ಒಂದ ಮಾತು ಅನ್ಲೇನ್ರಿ?’ ಎಂದಿದ್ದರು. ‘ಹೇಳಿ’ ಎಂದು ಅವಳು ನಕ್ಕಿದ್ದಳು. ‘ಏನಿಲ್ರಿ. ನೀವು ಕೈ ಬಗ್ಗೆ ಹೇಳಬೇಕಂತ ಬಂದು, ಹೂವಿನ ಬಗ್ಗೆ ಹೇಳಿ ಎದ್ದ ಹೋದಂಗ ಅನಸ್ತು. ಹೂವು ಒಗದ ಕೈ ಒಂದ ಸಲ ಬರ್ತದ ನೋಡ್ರಿ, ಅಲ್ಲಿ ನಿಮ್ಮ ದನಿ ಬ್ಯಾರೆ ಆತು. ಆಮ್ಯಾಲ ಮತ್ತ ಹೂವಿನ ಕಡೆ ಓಡಿ ಹೋದ್ರಿ. ನಂದೇನ ತಪ್ಪಿರಬಹುದು.’

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಅವಳು ಅದನ್ನು ನಿಲ್ಲಿಸಲಿಲ್ಲ.

ಆ ಕೈಯಿಂದ ಅವಳು ಅಮ್ಮನಿಗೆ ಹೊಡೆದಿದ್ದಳು. ಒಂದೇ ಸಲ. ಅಮ್ಮ ತೀರಿಕೊಂಡು ಎರಡು ವರ್ಷ. ಹೊಡೆದದ್ದು ಅದಕ್ಕೆ ನಾಲ್ಕು ತಿಂಗಳು ಮೊದಲು. ಮರೆವಿನ ಕಾಯಿಲೆಯ ಅಮ್ಮನನ್ನು ಅವಳೇ ಮೈಸೂರಿನಿಂದ ಕಾಮೋಠೆಗೆ ಕರೆತಂದು ನೋಡಿಕೊಂಡಿದ್ದಳು. ಬಂಧುಗಳೆಲ್ಲ, ಬಿಲ್ಡಿಂಗಿನವರೆಲ್ಲ, ನಳಿನಿಯಂಥ ಮಗಳು ಎಲ್ಲರಿಗೂ ಸಿಗಬೇಕಲ್ಲ ಎನ್ನುತ್ತಿದ್ದರು. ಹೊಡೆದಾಗ ಗಣಪತಿ ಒಳಗೆ ಕಿವಿಗೆ ಹೆಡ್‌ಫೋನು ಹಾಕಿಕೊಂಡು ಆಫೀಸಿನ ಕಾಲ್‌ನಲ್ಲಿದ್ದ. ಯಾರೂ ನೋಡಲಿಲ್ಲ. ಹೊಡೆಸಿಕೊಂಡವಳಿಗೆ ಐದು ನಿಮಿಷದ ಮೇಲೆ ಅದು ನೆನಪಿರಲಿಲ್ಲ. ಹಾಗಾದರೆ ಅದು ಎಲ್ಲಿದೆ? ಲೋಕದಲ್ಲಿ ಒಂದೇ ಒಂದು ಜಾಗದಲ್ಲಿ ಉಳಿದಿರುವ ಆ ಏಟನ್ನು ಅವಳು ಯಾವ ಪದಕ್ಕೂ ತಾಗಗೊಡದೆ ಕಾಪಾಡಿಕೊಂಡು ಬಂದಿದ್ದಳು. ಹೂವಿನ ಪದ್ಯ ಬರೆಯುವಾಗ ಕೂಡ ತಾನು ಹೂವಿನ ಪದ್ಯವನ್ನೇ ಬರೆಯುತ್ತಿದ್ದೇನೆ ಎಂದು ನಂಬಿದ್ದಳು. ರಿಟೈರಾದ ಒಬ್ಬ ಫಿಟ್ಟರು, ಗ್ರೀಸಿನ ಗೆರೆ ಇನ್ನೂ ಉಗುರಿನಿಂದ ಹೋಗಿರದ ಮನುಷ್ಯ, ಅದನ್ನು ಬೇಸಿನ್ನಿನ ಹತ್ತಿರ ನಿಂತು ಮುಟ್ಟಿಬಿಟ್ಟಿದ್ದರು. ಮುಟ್ಟಿದ್ದು ಅವರಿಗೇ ಗೊತ್ತಿರಲಿಲ್ಲ. ಅವತ್ತು ವಾಪಸ್ಸು ಬರುವಾಗ ಅವಳಿಗೆ ಜ್ವರ ಬಂದ ಹಾಗಿತ್ತು. ಐರೋಲಿ, ರಬಾಳೆ, ಘಣಸೋಲಿ ಎಂದು ಗಾಡಿಯ ದನಿ ಹೆಸರು ಹೇಳುತ್ತಿದ್ದರೆ ಪ್ರತಿ ಸ್ಟೇಷನ್ನಿನಲ್ಲೂ ಯಾರೋ ಇಳಿದು ಆ ಸುದ್ದಿಯನ್ನು ಊರಿಗೆ ಒಯ್ಯುತ್ತಿದ್ದಾರೆ ಅನ್ನಿಸಿತು.

ಜನವರಿಯ ಸಭೆಯಲ್ಲಿ ಶಿವರಾಯರ ಪದ್ಯಕ್ಕೆ ಅವಳ ಚೀಟಿ ಬಂತು. ಅವರು ಅವತ್ತು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮೊಮ್ಮಗಳನ್ನೂ ಕರೆದುಕೊಂಡು ಬಂದಿದ್ದರು. ಕಳವಾದಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ, ಮನೆಮಾತಿನ ಕನ್ನಡ ಕೇಳಿದರೆ ತಿಳಿಯುವ, ಓದಲು ಬಾರದವಳು. ಅಜ್ಜ ಪದ್ಯ ಓದುವುದನ್ನು ವೀಡಿಯೋ ತೆಗೆಯಲು ಫೋನು ಹಿಡಿದು ಗೋಡೆಗೊರಗಿ ನಿಂತಿದ್ದಳು. ಪದ್ಯದ ಹೆಸರು ‘ಬೋಗಿಯೊಳಗ ಸಿಕ್ಕಿದ್ದು’. ಮೂವತ್ನಾಲ್ಕು ವರ್ಷ ಕಳವಾ ಕಾರ್‌ಶೆಡ್ಡಿನಲ್ಲಿ ದುಡಿದವರು, ರಿಪೇರಿಗೆ ಬಂದ ಬೋಗಿಗಳ ಸೀಟಿನಡಿ ಸಿಕ್ಕ ವಸ್ತುಗಳನ್ನು ಒಂದೊಂದಾಗಿ ಹೇಳುತ್ತ ಹೋದರು. ಒಂದು ಚಪ್ಪಲಿ. ಉಪ್ಪಿನಕಾಯಿ ಎಣ್ಣೆ ಹತ್ತಿದ ಡಬ್ಬಿಯ ಮುಚ್ಚಳ. ಸಾಲಿ ಹುಡುಗಿಯ ಕೆಂಪು ರಿಬ್ಬನ್ನು. ಅರ್ಧ ಹೆಣೆದ ಸ್ವೆಟರು, ಸೂಜಿ ಸಮೇತ. ಯಾರದೋ ಎದೆಯ ಎಕ್ಸ್‌ರೇ. ಬಾಗಿಲು ತೆಗೆದ ಗಿಳಿಯ ಪಂಜರ. ‘ಯಾರೂ ಕೇಳಾಕ ಬರಲಿಲ್ಲ’ ಎಂದು ಮುಗಿಸಿ ಕಾಗದ ಮಡಚಿದರು. ಕೇಳುತ್ತಿದ್ದ ಹಾಗೇ ನಳಿನಿಯ ತೋಳಿನ ಮೇಲಿನ ರೋಮ ಎದ್ದು ನಿಂತವು. ಮೂರು ವರ್ಷದಲ್ಲಿ ಆ ಕೋಣೆಯಲ್ಲಿ ಓದಿದ ಪದ್ಯಗಳಲ್ಲಿ ಅದೊಂದೇ ಪದ್ಯ ಎಂದು ಅವಳಿಗೆ ತಕ್ಷಣ ಗೊತ್ತಾಯಿತು. ಗೊತ್ತಾಗಿಯೂ, ಎದ್ದು ನಿಂತ ಮೇಲೆ ಬಾಯಿಂದ ಬಂದದ್ದು ಬೇರೆ.

‘ಶಿವರಾಯರೇ, ಇದು ಪದ್ಯವೋ, ಸ್ಟೇಷನ್ ಮಾಸ್ಟರ ರಿಜಿಸ್ಟರೋ? ಕೆಳಗೊಂದು ಸಹಿ, ಒಂದು ಮೊಹರು ಬಿದ್ದರೆ ಮುಗೀತಲ್ಲ.’

ಕೋಣೆ ನಕ್ಕಿತು. ಗುಲಾಬಿಗಳಿಂದ ದಣಿದ ಕೋಣೆ, ನಗಲು ಕಾದಿತ್ತೋ ಏನೋ, ಬಹಳ ಹೊತ್ತು ನಕ್ಕಿತು. ಅವಳು ಹುರುಪಿನಲ್ಲಿ ಇನ್ನೂ ಮಾತಾಡಿದಳು. ಪದ್ಯಕ್ಕೂ ಪಟ್ಟಿಗೂ ಇರುವ ವ್ಯತ್ಯಾಸ, ಪ್ರತಿಮೆ, ಲಯ, ಎಂ.ಎ. ತರಗತಿಯಲ್ಲಿ ಬರೆದುಕೊಂಡ ಮಾತುಗಳೆಲ್ಲ. ಶಿವರಾಯರೂ ನಗುತ್ತಿದ್ದರು, ತಲೆ ಆಡಿಸುತ್ತಿದ್ದರು. ಗೋಡೆಗೊರಗಿ ನಿಂತ ಹುಡುಗಿ ಮಾತ್ರ ಫೋನು ಕೆಳಗಿಳಿಸಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು.

ಈಗ ಸೇತುವೆ ಮುಗಿದು ಗಾಡಿ ಕಳವಾಕ್ಕೆ ಬಂದು ನಿಂತಿತು. ಇಳಿಯುವ ನಿರ್ಧಾರವನ್ನು ನಳಿನಿ ಮಾಡಲಿಲ್ಲ. ಎದುರಿನ ಹೆಂಗಸು ಎಚ್ಚರಾಗಿ, ಸೊಪ್ಪು ಮಡಚಿ, ‘ಕಳವಾ?’ ಎಂದು ಕೇಳಿದಳು. ‘ಹೋ’ ಎಂದು ಮರಾಠಿಯಲ್ಲಿ ಹೌದೆನ್ನುತ್ತ ನಳಿನಿಯೂ ಅವಳ ಹಿಂದೆ ಎದ್ದಳು. ಮುಂದಿನ ಕ್ಷಣ ಪ್ಲಾಟ್‌ಫಾರ್ಮಿನ ಮೇಲಿದ್ದಳು, ಗಾಡಿ ಡೊಂಬಿವಲಿಗೆ ಹೊರಟುಹೋಯಿತು. ಕನಸಿನಲ್ಲಿ ನಡೆದ ಹಾಗೆ ಸ್ಟೇಷನ್ನಿನ ಕಾಲುಸೇತುವೆ ಹತ್ತಿ ಇಳಿದು, ಮೀನಿನ ಬುಟ್ಟಿಗಳನ್ನೂ ಚಾರ್ಜರ್ ಮಾರುವವರನ್ನೂ ದಾಟಿ, ಕಾರ್‌ಶೆಡ್ಡಿನ ಉದ್ದನೆಯ ಗೋಡೆಯನ್ನು ಹಿಡಿದು ನಡೆದಳು. ಗೋಡೆಯಾಚೆ ಖಾಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಒಳಗೆ ಯಾರೂ ಇಲ್ಲದ ಗಾಡಿಗಳ ಕಿಟಕಿಗಳು ಇಷ್ಟು ಶಾಂತವಾಗಿರುತ್ತವೆ ಎಂದು ಅವಳಿಗೆ ಗೊತ್ತಿರಲಿಲ್ಲ. ಏನು ಹೇಳುವುದು? ಕ್ಷಮಿಸಿ ಎಂದರೆ ಅವರು ‘ಅಯ್ಯ, ಅದೇನ ದೊಡ್ಡದ್ರಿ’ ಅನ್ನುತ್ತಾರೆ, ಚಹಾ ಕೊಡುತ್ತಾರೆ, ಹಗುರಾಗಿ ಎದ್ದು ಬರುವುದು. ತಾನು ಬಂದಿರುವುದು ಆ ಹಗುರಕ್ಕೇ ಇರಬೇಕು ಅನ್ನಿಸಿ ಅವಳಿಗೆ ತನ್ನ ಬಗ್ಗೆ ಅಸಹ್ಯವಾಯಿತು. ತಿರುಗಿ ಹೋಗೋಣವೆಂದುಕೊಳ್ಳುವಷ್ಟರಲ್ಲಿ ಹಿಟ್ಟಿನ ಗಿರಣಿ ಬಂತು. ಭಾನುವಾರವಾದರೂ ನಡೆಯುತ್ತಿತ್ತು, ಗಾಳಿಯಲ್ಲಿ ಬಿಸಿ ಜೋಳದ ಹಿಟ್ಟಿನ ವಾಸನೆ. ಪಕ್ಕದ ಕಡಿದಾದ ಮೆಟ್ಟಿಲ ಮೇಲೂ ಹಿಟ್ಟಿನ ಧೂಳು ಕೂತು, ಹತ್ತಿದವರ ಹೆಜ್ಜೆ ಬಿಳಿಯಾಗಿ ಮೂಡಿತ್ತು.

ಬಾಗಿಲು ತೆರೆದದ್ದು ಮೊಮ್ಮಗಳು. ನಳಿನಿಯನ್ನು ನೋಡಿ, ಗುರುತು ಹಿಡಿದು, ಬಾಗಿಲನ್ನು ಪೂರ್ತಿ ತೆರೆಯಲಿಲ್ಲ.

‘ಆಪ್ ವಹೀ ಹೋ ನಾ? ಡೊಂಬಿವಲಿವಾಲೀ ಮ್ಯಾಡಮ್?’

‘ಹೌದಮ್ಮ. ಶಿವರಾಯರು ಇದ್ದಾರಾ?’

‘ಕ್ಯಾ ಕಾಮ್ ಹೈ?’

ಒಳಗಿನಿಂದ ಶಿವರಾಯರ ದನಿ ಬಂತು: ‘ಯಾರವಾ ಅನುಷ್ಕಾ?’ ಹುಡುಗಿ ಬಾಗಿಲಿಗೆ ಕೈ ಅಡ್ಡ ಹಿಡಿದಳು. ಅವಳ ಕಣ್ಣಿನಲ್ಲಿದ್ದ ಸಿಟ್ಟು ಎಷ್ಟು ಶುದ್ಧವಾಗಿತ್ತೆಂದರೆ ನಳಿನಿಗೆ ಅದರ ಎದುರು ನಿಲ್ಲಲು ಒಂಥರಾ ಸಮಾಧಾನವೇ ಆಯಿತು. ಶಿವರಾಯರು ಬನಿಯನ್ನಿನ ಮೇಲೆ ಟವೆಲು ಹೊದ್ದು ಬಂದು ಇಣುಕಿದರು, ಗಾಬರಿಯಾದರು. ‘ಅಯ್ಯಯ್ಯ ಮೇಡಂ! ಬರ್ರಿ ಬರ್ರಿ, ಒಳಗ ಬರ್ರಿ. ಸರಿ ಯವ್ವಾ, ದಾರಿ ಬಿಡು’ ಎಂದು ಅಂಗಿ ಹುಡುಕಲು ಒಳಗೆ ಓಡಿದರು.

ಒಂದೇ ಕೋಣೆ, ಪಕ್ಕದಲ್ಲಿ ಅಡುಗೆಮನೆ. ಮಗ, ಸೊಸೆ ಟಿಟ್ವಾಳಾದ ಗಣಪತಿ ಗುಡಿಗೆ ಹೋಗಿದ್ದಾರೆ ಎಂದರು. ನಳಿನಿ ಮಂಚದ ಅಂಚಿನಲ್ಲಿ ಕೂತಳು. ಶಿವರಾಯರು ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡು. ಗಿರಣಿಯ ಸದ್ದಿಗೆ ನೆಲ ಸಣ್ಣಗೆ ನಡುಗುತ್ತಿತ್ತು, ಮನೆಯೇ ಒಂದು ಗಾಡಿಯಾಗಿ ಎಲ್ಲಿಗೋ ನಿಧಾನವಾಗಿ ಹೋಗುತ್ತಿರುವ ಹಾಗೆ. ನಿಮ್ಮ ಮಗಳು ಹ್ಯಾಂಗಿದ್ದಾಳ್ರಿ, ಯಜಮಾನ್ರು ಆರಾಮೇನ್ರಿ, ಆಫೀಸು ಬೇಲಾಪುರದಾಗನ ಅದ ಏನ್ರಿ ಎಂದು ಅವರು ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು. ಕೊನೆಗೆ ಮಾತು ಮುಗಿಯಿತು.

‘ನನ್ನ ಮಾತಿಂದ ನೀವು ಬರೆಯೋದು ನಿಲ್ಲಿಸಿಬಿಟ್ರಿ ಅಲ್ವಾ?’ ಎಂದಳು.

‘ಅಯ್ಯ, ಹಂಗೇನಿಲ್ರಿ’ ಎಂದರು ಶಿವರಾಯರು. ಆಮೇಲೆ ತಮ್ಮ ಅಂಗೈ ನೋಡಿಕೊಂಡರು. ‘ಸುಳ್ಳ ಯಾಕ ಹೇಳ್ಲಿ ತಂಗಿ. ಹೌದು. ಊಟ ಬಿಟ್ಟೆ ನಿದ್ದಿ ಬಿಟ್ಟೆ ಅಂತ ಹೇಳೂದಿಲ್ಲ, ಉಂಡೆ, ಮಲಗಿದೆ. ಆದ್ರ ಬೆಳಿಗ್ಗೆ ಬರಿಯಾಕ ಕುಂತ್ರ ನಿಮ್ಮ ದನಿ ಕೇಳಸ್ತಿತ್ತು. ಒಂದ ಸಾಲು ಬರದ್ರ, ಇದು ರಿಜಿಸ್ಟರೋ ಅಂತಿತ್ತು. ಎಲ್ಡ ದಿನ ನೋಡಿದೆ, ಹತ್ತ ದಿನ ನೋಡಿದೆ. ಆಮ್ಯಾಲ ಅನಸ್ತು, ಓದಿದ ಹೆಣ್ಮಗಳು ಹೇಳ್ಯಾಳ, ಖರೆನ ಇರಬೇಕು. ನಾ ಫಿಟ್ಟರ್ರಿ. ಸಾಮಾನು ಲೆಕ್ಕ ಹಿಡಿಯೂ ಚಟ ಅದ. ಅದನ್ನ ಪದ್ಯ ಅಂತ ತಿಳಕೊಂಡಿದ್ದೆ.’

ಅವರ ದನಿಯಲ್ಲಿ ದೂರು ಇರಲಿಲ್ಲ. ಅದೇ ತಡೆಯಲಾಗಲಿಲ್ಲ. ನಳಿನಿ ಮಾತಾಡಲು ಬಾಯಿ ತೆರೆದಳು. ಬಂದದ್ದು ಮಾತಲ್ಲ, ಅವರ ಪದ್ಯ. ‘ಒಂದ ಚಪ್ಪಲಿ’ ಎಂದಳು. ಅವರ ಕನ್ನಡ ಅವಳ ಮೈಸೂರಿನ ಬಾಯಿಯಲ್ಲಿ ಎಡವುತ್ತ ಬಂತು. ‘ಡಬ್ಬಿ ಮುಚ್ಚಳ, ಉಪ್ಪಿನಕಾಯಿ ಎಣ್ಣಿ ಹತ್ತಿದ್ದು.’ ಒಂದು ತಿಂಗಳಿಂದ ಗಾಡಿಯಲ್ಲಿ, ಲಿಫ್ಟಿನಲ್ಲಿ, ಆಫೀಸಿನ ಕಂಪ್ಯೂಟರಿನ ಎದುರು ಅದನ್ನು ತನಗೇ ಹೇಳಿಕೊಂಡಿದ್ದಳು. ಶಿವರಾಯರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ಒಂದೂ ಬಿಡದೆ ಹೇಳುತ್ತ ಹೋಗಿ ಅವಳು ‘ಯಾರದೋ ಎದಿಯ ಎಕ್ಸ್‌ರೇ. ಬಾಗಿಲ ತಗದ ಪಂಜರ’ ಎನ್ನುವಲ್ಲಿಗೆ ಬಂದಾಗ ಅವರು ಕೈಯೆತ್ತಿದರು.

‘ಅಲ್ಲಿ ಅದು ತಪ್ಪಾತು ನಂದು. ಪಂಜರ ಮೊದಲ ಸಿಕ್ಕಿದ್ದು, ಎಂಬತ್ತೊಂಬತ್ತರಾಗ. ಎಕ್ಸ್‌ರೇ ಭಾಳ ಆಮ್ಯಾಲ.’

‘ಅಯ್ಯೋ ಬೇಡ, ಬದಲಿಸಬೇಡಿ. ಎಕ್ಸ್‌ರೇ ಆದಮೇಲೇ ಪಂಜರ ಬರಬೇಕು. ಎದೆಯ ಮೂಳೆ ಕಣ್ಣಲ್ಲಿ ಇನ್ನೂ ಇರುವಾಗಲೇ ಪಂಜರ ಕಂಡರೆ...’

‘ಹಂಗಂತೀರಿ?’ ಅವರು ಯೋಚಿಸಿದರು. ‘ಆದ್ರ ಸಿಕ್ಕಿದ್ದು ಹಂಗಲ್ಲಲ್ರಿ.’

‘ಸಿಕ್ಕಿದ್ದು ಹಾಗಲ್ಲ. ನೀವು ಬರೆದದ್ದು ಹಾಗೆ.’

ಅಡುಗೆಮನೆಯ ಬಾಗಿಲಲ್ಲಿ ಅನುಷ್ಕಾ ನಿಂತಿದ್ದಳು. ‘ಕಿಸ್ಕಾ ಎಕ್ಸ್‌ರೇ, ಅಜ್ಜಾ?’ ಎಂದಳು. ಅಜ್ಜ ಆ ಪದ್ಯವನ್ನು ಇದುವರೆಗೆ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಅವಳು ಕೇಳಿಯೂ ಇರಲಿಲ್ಲ. ನಳಿನಿ ಅದನ್ನು ಸಾಲು ಸಾಲಾಗಿ ತನ್ನ ಮುರುಕು ಹಿಂದಿಯಲ್ಲಿ ಹೇಳಿದಳು. ಅರ್ಧ ಹೆಣೆದ ಸ್ವೆಟರಿಗೆ ಹಿಂದಿ ಸಿಗದೆ ಕೈಯಲ್ಲಿ ಹೆಣೆದು ತೋರಿಸಿದಳು. ಹುಡುಗಿ ಬಂದು ಅಜ್ಜನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಎಲ್ಲ ಕೇಳಿ, ‘ಯೇ ತೋ ಅಚ್ಛಾ ಹೈ’ ಎಂದಳು. ಆಮೇಲೆ ನಳಿನಿಯನ್ನು ನೇರವಾಗಿ ನೋಡಿ, ‘ಆಪ್ ಕೋ ಪೂರಾ ಯಾದ್ ಹೈ. ಫಿರ್ ಉಸ್ ದಿನ್ ಐಸಾ ಕ್ಯೂಂ ಬೋಲಾ? ಸಬ್ ಹಂಸ್ ರಹೇ ಥೇ’ ಎಂದು, ಪೂರ್ತಿ ನೆನಪಿದ್ದೂ ಅವತ್ತು ಎಲ್ಲರೂ ನಗುವ ಹಾಗೆ ಯಾಕೆ ಹೇಳಿದಿರೆಂದು ಕೇಳಿದಳು.

‘ಅನು’ ಎಂದರು ಶಿವರಾಯರು.

‘ಕೇಳಲಿ ಬಿಡಿ’ ಎಂದಳು ನಳಿನಿ. ಚೆನ್ನಾಗಿದ್ದ ಒಂದು ಉತ್ತರ ಅವಳ ಹತ್ತಿರ ಸಿದ್ಧವಿತ್ತು: ಹೊಟ್ಟೆಕಿಚ್ಚು. ಅದು ಮರ್ಯಾದೆಯ ಉತ್ತರ, ಕವಿಗಳ ನಡುವೆ ನಡೆಯುವಂಥದ್ದು, ಹೇಳಿದವರು ಸ್ವಲ್ಪ ದೊಡ್ಡವರೂ ಆಗುತ್ತಾರೆ. ಅದನ್ನು ಹೇಳಲು ಹೊರಟು, ಹುಡುಗಿಯ ಮುಖ ನೋಡಿ, ನಿಲ್ಲಿಸಿದಳು. ಕೆಳಗೆ ಗಿರಣಿ ನಿಂತಿತು. ಇದ್ದಕ್ಕಿದ್ದಂತೆ ಕೋಣೆಯ ನಡುಕ ನಿಂತು, ಎಲ್ಲವೂ ಎಲ್ಲೋ ತಲುಪಿದ ಹಾಗಾಯಿತು.

‘ನಿಮ್ಮಜ್ಜ ಅವತ್ತು ಕೈ ತೊಳೀತಾ ನಂಗೊಂದು ಮಾತು ಹೇಳಿದ್ರು. ನನ್ನ ಪದ್ಯ ಹೂವಿನ ಬಗ್ಗೆ ಅಲ್ಲ, ಕೈ ಬಗ್ಗೆ ಅಂತ. ಅದು ನಿಜ ಆಗಿತ್ತು. ಅದಕ್ಕೇ ಅವರ ಬಾಯಿ ಮುಚ್ಚಿಸಬೇಕು ಅನ್ನಿಸ್ತು.’ ಹೇಳುತ್ತ ಹೇಳುತ್ತ ಅವಳು ಹುಡುಗಿಯಿಂದ ಶಿವರಾಯರ ಕಡೆ ತಿರುಗಿದಳು. ‘ನಾನು ನಮ್ಮಮ್ಮನಿಗೆ ಹೊಡೆದಿದ್ದೀನಿ.’

ಆ ವಾಕ್ಯ ಕೋಣೆಯಲ್ಲಿ ಒಂದು ಸಾಮಾನಿನ ಹಾಗೆ ಇತ್ತು. ಇಷ್ಟು ಚಿಕ್ಕದಾಗಿತ್ತೇ ಅದು ಎಂದು ನಳಿನಿಗೆ ಆಶ್ಚರ್ಯವಾಯಿತು.

‘ಮರೆವಿತ್ತು ಅವರಿಗೆ. ನಾನು ಆಫೀಸಿಂದ ಬಂದೆ, ಗಾಡಿಯಲ್ಲಿ ನಿಂತೇ ಬಂದಿದ್ದೆ. ಬಾಗಿಲು ತೆಗೆದ್ರೆ ನಡುಮನೆ ತುಂಬ ಅಕ್ಕಿ. ಡಬ್ಬದಲ್ಲಿದ್ದ ಅಕ್ಕಿಯೆಲ್ಲ ನೆಲದ ಮೇಲೆ ಸುರಿದು, ಮಧ್ಯದಲ್ಲಿ ಕೂತು ಕಲ್ಲು ಆರಿಸ್ತಾ ಇದ್ರು. ಪ್ಯಾಕೆಟ್ ಅಕ್ಕಿ, ಅದರಲ್ಲಿ ಕಲ್ಲೆಲ್ಲಿಂದ ಬರತ್ತೆ? ಆ ವಾರದಲ್ಲಿ ಅದು ಮೂರನೇ ಸಲ. ಕಾಲಿಟ್ಟ ಕಡೆಯೆಲ್ಲ ಅಕ್ಕಿ ಚುಚ್ತಾ ಇತ್ತು. ಬಗ್ಗಿದೆ. ಎಬ್ಬಿಸೋದಕ್ಕೇ ಬಗ್ಗಿದ್ದು. ಕೆನ್ನೆಗೆ ಹೊಡೆದೆ.’

‘ಅವರು ಏನಂದ್ರು?’ ಶಿವರಾಯರು ಕೇಳಿದರು. ಬೇಸಿನ್ನಿನ ಹತ್ತಿರ ಮಾತಾಡಿದ ಅದೇ ಸಣ್ಣ ದನಿ.

‘ಹಿಂದೆ ತಿರುಗಿ ನೋಡಿದ್ರು. ತಮ್ಮ ಹಿಂದೆ ಯಾರಾದ್ರೂ ಇದ್ದಾರಾ ಅಂತ. ಆಮೇಲೆ ನನ್ನ ನೋಡಿ, ಯಾರಿಗೆ ಹೊಡೆದ್ಯೇ, ಪಾಪ, ಅಂದ್ರು.’

‘ನೀವು?’

‘ಯಾರಿಗೂ ಇಲ್ಲಮ್ಮ ಅಂದೆ.’

ಅನುಷ್ಕಾ ತಲೆ ತಗ್ಗಿಸಿದ್ದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಶೆಡ್ಡಿನ ಕಡೆಯಿಂದ ಗಾಡಿಯೊಂದು ಬಹಳ ನಿಧಾನವಾಗಿ ಕದಲಿದ ಸದ್ದು ಬಂತು. ನಳಿನಿ ಕಾಯುತ್ತಿದ್ದಳು. ‘ಹೋಗ್ಲಿ ಬಿಡ್ರಿ, ನೀವು ಎಷ್ಟ ಮಾಡೀರಿ’ ಎನ್ನುವ ಮಾತು ಈಗ ಬರುತ್ತದೆ, ಬಂದರೆ ಎದ್ದು ಹೋಗಿಬಿಡಬೇಕು ಎಂದುಕೊಂಡಳು. ಚೀಲದೊಳಗೆ ಫೋನು ನಡುಗಿತು. ಮಧ್ವರಾಜರೇ ಇರಬೇಕು. ತನ್ನಷ್ಟಕ್ಕೆ ನಿಂತಿತು. ಶಿವರಾಯರು ನೆಲವನ್ನು ನೋಡುತ್ತಿದ್ದರು, ಅಲ್ಲಿ ಏನೋ ಹರಡಿದ್ದನ್ನು ಕಾಣುತ್ತಿರುವ ಹಾಗೆ, ಕಾಲನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡು.

‘ಅಷ್ಟ ಅಕ್ಕಿ ಯಾರು ಬಳದ್ರಿ?’ ಎಂದು ಕೇಳಿದರು.

‘ಏನು?’

‘ನೆಲದ ಮ್ಯಾಲಿನ ಅಕ್ಕಿ. ಆಮ್ಯಾಲ ಯಾರು ಬಳದ್ರು?’

ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಆ ಸಂಜೆ ಅವಳೊಳಗೆ ಏಟಿನ ಹತ್ತಿರ ಬಂದು ನಿಂತುಬಿಡುತ್ತಿತ್ತು, ಅದರಾಚೆ ಏನೂ ಇರಲಿಲ್ಲ. ಈಗ ಆಚೆಗೆ ನೋಡಿದಳು. ಟ್ಯೂಬ್‌ಲೈಟಿನ ಬೆಳಕು ಕಂಡಿತು. ಒಳಗೆ ಗಣಪತಿ ಇಂಗ್ಲಿಷಿನಲ್ಲಿ ಮಾತಾಡುತ್ತಿರುವುದು ಕೇಳಿಸಿತು. ತಾನು ಆಫೀಸಿನ ಸೀರೆಯಲ್ಲೇ ನೆಲಕ್ಕೆ ಕುಸಿದು ಕೂತದ್ದು ಕಂಡಿತು.

‘ಇಬ್ಬರೂ’ ಎಂದಳು. ‘ನಾನು ಮೊರ ತರೋಕೂ ಏಳಲಿಲ್ಲ. ಕೈಯಲ್ಲೇ ಗುಡ್ಡೆ ಮಾಡ್ತಾ ಇದ್ದೆ. ಅಮ್ಮ ಬಿಡಲಿಲ್ಲ. ಇರು ಇರು, ಹಲ್ಲಿಗೆ ಸಿಕ್ಕತ್ತೆ, ಅಂದ್ರು. ಒಂದೊಂದೇ ಕಲ್ಲು ಆರಿಸೋರು.’ ಅವಳು ಬಲಗೈ ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡಳು. ‘ಕಲ್ಲೇ ಇರ್ಲಿಲ್ಲ ಅದರಲ್ಲಿ. ಎರಡು ಬೆರಳಲ್ಲಿ ಹೀಗೆ ಎತ್ತಿ, ಬೆಳಕಿಗೆ ಹಿಡಿದು ನೋಡಿ, ನನ್ನ ಕೈ ಬಿಡಿಸಿ ಅದರೊಳಗೆ ಹಾಕೋರು. ಇದೇ ಕೈ. ಹಾಕಿ, ಬೆರಳು ಮಡಚೋರು, ಬೀಳದ ಹಾಗೆ. ಗಟ್ಟಿಯಾಗಿ ಹಿಡ್ಕೋ ಅನ್ನೋರು. ನಾನು ಹಿಡ್ಕೊಂಡಿದ್ದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಇದು ನಂಗೆ ಮರೆತೇ ಹೋಗಿತ್ತು ಶಿವರಾಯರೇ.’

ಶಿವರಾಯರು ಸುಮ್ಮನೆ ಎದ್ದು, ಕಪಾಟಿನ ಮೇಲಿಂದ ಒಂದು ನೋಟ್‌ಬುಕ್ಕೂ ಪೆನ್ನೂ ತೆಗೆದು ಅವಳ ಪಕ್ಕ ಮಂಚದ ಮೇಲೆ ಇಟ್ಟರು. ಹೊಗಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ‘ಅನು, ಚಹಾ ಇಡವ್ವ’ ಎಂದರು, ಕುರ್ಚಿಯನ್ನು ಇನ್ನೊಂದಿಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತು, ‘ಹೂಂ, ಮುಂದ?’ ಎಂದರು.